ನನ್ನನ್ನು ಉಳಿಸಿದ ಬೈಗುಳ

“ಮೇಡಂ, ಎನಿ ಅಲಿಬೈ?” ಎಂದು ಬಾಗಿಲಲ್ಲಿ ನಿಂತ ಪೊಲೀಸ್ ಕೇಳಿದಾಗ ನಾನು ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದೆ.

ಸಿಂಗಾಪುರದ ಚೋವಾ ಚು ಕಾಂಗ್‌ನ ನಮ್ಮ ಬ್ಲಾಕಿನ ಮೇಲಿನಿಂದ ಆಗತಾನೇ ಒಂದು ಹೂಕುಂಡ ಬಿದ್ದು, ಕೆಳಗೆ ಹೋಗುತ್ತಿದ್ದವರೊಬ್ಬರು ಕೂದಲೆಳೆಯಲ್ಲಿ ಪಾರಾಗಿದ್ದರು. ನಮ್ಮ ಮಹಡಿಯ ಕಾರಿಡಾರಿನಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟಿದ್ದವಳು ನಾನೊಬ್ಬಳೇ. ‘ಅಲಿಬೈ’ ಎಂಬ ಲ್ಯಾಟಿನ್ ಪದಕ್ಕೆ ‘ಬೇರೆಡೆ’ ಎಂದರ್ಥ, ಘಟನೆಯ ಹೊತ್ತಿಗೆ ಆರೋಪಿ ಬೇರೆಡೆ ಇದ್ದನೆಂಬ ಸಾಕ್ಷ್ಯ ಅದು ಎಂದು ಲಾ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ನನ್ನನ್ನೇ ಕೇಳುತ್ತಾರೆಂದು ಎಣಿಸಿರಲಿಲ್ಲ. ಕೇಸಾದರೆ ನಮ್ಮ ಯಜಮಾನರಿಗೆ ಇಲ್ಲಿ ದುಡಿಯಲು ಕೊಟ್ಟಿದ್ದ ವರ್ಕ್ ಪಾಸಿನ ಗತಿಯೇನು? ಗಾಬರಿಯಲ್ಲಿ ಅವರ ಪೇಜರ್ ನಂಬರೂ ನೆನಪಾಗಲಿಲ್ಲ.

ಸಾಕ್ಷಿಯೇನೋ ಇದ್ದರು. ಆದರೆ ಯಾವ ಮುಖ ಹೊತ್ತು ಅವರನ್ನು ಕರೆಯಲಿ? ಸಾರಿನ ಪುಡಿಗೆಂದು ನಾನು ಬಾಗಿಲು ತೆರೆದಿಟ್ಟು ಬ್ಯಾಡಗಿ ಮೆಣಸಿನಕಾಯಿ ಹುರಿದಿದ್ದೆ. ಆ ಘಾಟಿಗೆ ಕೆಮ್ಮುತ್ತಾ ಬಂದ ಪಕ್ಕದ ಮನೆಯ ಚೀನೀ ಆಂಟಿ, ಅಡುಗೆಮನೆಯವರೆಗೂ ನುಗ್ಗಿ ಚೆನ್ನಾಗಿ ಬೈದು ಹೋಗಿದ್ದರು.

ಅಷ್ಟರಲ್ಲಿ ಆಂಟಿಯೇ ಹೊರಗೆ ಬಂದು, ಮಾತಿಗೊಂದು ‘ಲಾ’ ಸೇರಿಸುವ ಇಲ್ಲಿಯ ಇಂಗ್ಲಿಷಿನಲ್ಲಿ ಕೂಗಿದರು. “ನಾಟ್ ಹರ್ ಲಾ! ದಟ್ ಟೈಮ್ ಐ ಸ್ಕೋಲ್ಡಿಂಗ್ ಹರ್ ಇನ್ ದ ಕಿಚನ್!”

ನಿಜ. ಕೆಳಗೆ ಧಡ್ಡೆಂದ ಸದ್ದನ್ನು ನಾವಿಬ್ಬರೂ ಒಲೆಯ ಮುಂದೆಯೇ ಕೇಳಿದ್ದೆವು. ಪೊಲೀಸ್ ನಕ್ಕು, ಒಮ್ಮೆ ಜೋರಾಗಿ ಸೀನಿ, ಮೇಲಿನ ಮಹಡಿಗೆ ಹೋದರು.

ಮುಂದಿನ ಸಲ ಮರ್ಯಾದೆಯಾಗಿ ಬಾಗಿಲು ಹಾಕಿಕೊಂಡೇ ಮೆಣಸಿನಕಾಯಿ ಹುರಿದೆ. ಆಂಟಿ ಬಂದು ಬಾಗಿಲು ಬಡಿದರು: “ವೈ ಕ್ಲೋಸ್? ಓಪನ್ ಲಾ! ಪೊಲೀಸ್ ಕಮ್ ಅಗೇನ್, ಹೌ?”