ಶಿವರಾತ್ರಿಯಿಂದ ಮಿರಗದವರೆಗೆ

ಮೊನ್ನೆ ಬನಹಟ್ಟಿಯ ರಸ್ತೆ ಬದಿಯ ನರ್ಸರಿಯೊಂದರಲ್ಲಿ ಗಿಡ ಆರಿಸುತ್ತ ನಿಂತಿದ್ದೆ. ನಮ್ಮ ಈಗಿನ ಮನೆಯ ಅಂಗಳಕ್ಕೆ ಮುಂಜಾನೆ ಬಂದು ಕೂತ ಬಿಸಿಲು ಹೊತ್ತು ಮುಳುಗುವವರೆಗೆ ಎದ್ದು ಹೋಗುವುದಿಲ್ಲ. ನರ್ಸರಿಯವನು ಒಂದು ಕುಂಡ ಎತ್ತಿ ಹಿಡಿದು, "ಎಂಥಾ ಬಿಸಲಿದ್ರೂ ತಡೀತೈತ್ರಿ ಇದು, ಕಣ್ಣ ಮುಚ್ಚಿ ಒಯ್ರಿ" ಎಂದ. ನಾನು ಕಣ್ಣು ಮುಚ್ಚಲಿಲ್ಲ. ತೋರುಬೆರಳನ್ನು ಕುಂಡದ ಮಣ್ಣೊಳಗೆ ಇಳಿಸಿ, ಹೊರಗೆ ತೆಗೆದು ಮೂಗಿಗೆ ಹಿಡಿದೆ. ಹಸಿ ಮಣ್ಣಿನ ವಾಸನೆ ಬಂತು. ಅಂದರೆ ಈಗಷ್ಟೇ ನೀರು ಕುಡಿಸಿ ನಿಲ್ಲಿಸಿದ್ದಾನೆ, ಈ ಹಸಿರನ್ನು ನಂಬುವಂತಿಲ್ಲ. ಹಾಗಂದುಕೊಂಡ ಮೇಲೆ ನನಗೇ ನಗು ಬಂತು. ಬೆರಳು ನನ್ನದಾದರೂ ಚಾಳಿ ನನ್ನದಲ್ಲ. ಅದು ಜಮಖಂಡಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಹವಾಲ್ದಾರ ಕಾಕಾ ಅವರದು...

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಬೆಳಗಾವಿಯಿಂದ ಜಮಖಂಡಿಗೆ ಬಂದವಳು. ನಮ್ಮವರಿಗೆ ಅಲ್ಲಿ ನೌಕರಿ. ಬಾಡಿಗೆ ಮನೆಯ ಹಿತ್ತಲು ಪಡುವಣಕ್ಕಿತ್ತು, ನೆರಳೆಂಬುದು ಹೆಸರಿಗೂ ಇರಲಿಲ್ಲ. ತವರಿನ ತಂಪು ಗಾಳಿಯಲ್ಲಿ ಬೆಳೆದ ನಾನು ಗುಲಾಬಿ, ಶಾವಂತಿಗೆ, ಡೇರೆ ಗಡ್ಡೆ ಎಲ್ಲವನ್ನೂ ಚೀಲ ತುಂಬಿ ತಂದಿದ್ದೆ. ನಡುಗೋಡೆಯ ಆಚೆಯಿಂದ ಒಂದು ಜೋಡಿ ಮೀಸೆ ಅದನ್ನೆಲ್ಲ ನೋಡುತ್ತಿತ್ತು. ಮೊದಲ ಪರಿಚಯದ ಮಾತೇ ಇದು: "ತಂಗಿ, ಇವ್ರ್ಯಾರೂ ಜಾಮೀನಿಗಿ ಲಾಯಕ್ ಇಲ್ಲ ನೋಡು."

ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು ಅವರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಎಂದು ತೀರ್ಮಾನ. ನೆಂಟರು ಸಿಹಿ ಕಟ್ಟಿಕೊಂಡು ಬಂದರೆ ಏನೋ ಕೇಳಲು ಬಂದಿದ್ದಾರೆ ಎಂದು ಗುಮಾನಿ. ಗಿಡಗಳೂ ಅವರ ಕಣ್ಣಿಗೆ ಠಾಣೆಯ ಜಗಲಿಯ ಮೇಲೆ ಸಾಲಾಗಿ ಕೂತ ಮಂದಿಯೇ. "ಮಳಿಗಾಲದಾಗ ಎಲ್ಲಾರೂ ಸಂಭಾವಿತರ. ಬ್ಯಾಸಗ್ಯಾಗ ಗೊತ್ತಾಕೈತಿ ಯಾರ ಎಂಥವರು ಅಂತ" ಎನ್ನುವುದು ಅವರ ಕಾಯ್ದೆ.

ಆ ಕಾಯ್ದೆಯ ಪ್ರಕಾರ ಹಿತ್ತಲಿನ ಗಿಡಗಳಿಗೆ ಶಿವರಾತ್ರಿಯವರೆಗೆ ಮಾತ್ರ ನೀರು. ಅಲ್ಲಿಂದ ಮಿರಗದ, ಅಂದರೆ ಮೃಗಶಿರೆಯ ಮಳೆ ಬೀಳುವವರೆಗೆ, ಬೇಸಿಗೆ ಪೂರ್ತಿ, ಒಂದು ಹನಿಯಿಲ್ಲ. ಬದುಕಿದ್ದು ಪಾಸು. ಒಣಗಿದ್ದನ್ನು ಮಿರಗದ ಮೊದಲ ಮಳೆಗೆ ಬೇರುಸಹಿತ ಕಿತ್ತು ಆ ಜಾಗದಲ್ಲಿ ಹೊಸ ಉಮೇದುವಾರನನ್ನು ಹಚ್ಚುವುದು. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿಯ ನೀರು ಕುಡಿಯುವುದಕ್ಕೇ ಸಾಲದು, ಗಿಡಕ್ಕೆ ಸುರಿಯುವುದು ಸೊಕ್ಕಿನ ಮಾತು ಎಂದು ಅವರ ವಾದ. ವಾದದಲ್ಲಿ ಹುರುಳಿತ್ತು, ಇಲ್ಲವೆನ್ನುವುದಿಲ್ಲ. ವರ್ಷ ವರ್ಷ ಹೀಗೆ ಸೋಸಿ ಉಳಿದವು ಕಣಗಿಲ, ಗೋರಂಟಿ, ಸದಾಪುಷ್ಪ, ಕಾಗದದ ಹೂವು, ಗೋಡೆಯ ಬುಡಕ್ಕೆ ಲೋಳೆಸರ, ಮೂಲೆಗೊಂದು ಪತ್ರಿ ಗಿಡ. ಊರೆಲ್ಲ ಬೂದಿ ಬಣ್ಣಕ್ಕೆ ತಿರುಗಿದ ಮೇ ತಿಂಗಳಲ್ಲೂ ಆ ಹಿತ್ತಲಲ್ಲಿ ಕೆಂಪು, ಹಳದಿ ಕಾಣುತ್ತಿತ್ತು. ನನ್ನ ಗುಲಾಬಿ ಅಷ್ಟೊತ್ತಿಗೆ ಕಡ್ಡಿಯಾಗಿತ್ತು. ಡೇರೆಯಂತೂ ಯುಗಾದಿಯ ಬೇವು-ಬೆಲ್ಲವನ್ನೂ ಕಾಣಲಿಲ್ಲ.

ಆದರೆ ಅವರ ಹಿತ್ತಲಲ್ಲಿ ಒಂದು ದುಂಡುಮಲ್ಲಿಗೆ ಇತ್ತು. ಕೇಸು ಇದ್ದದ್ದೇ ಅಲ್ಲಿ.

ಆ ಮಲ್ಲಿಗೆ ಕಾಕು ಅವರದು, ಅಂದರೆ ಹವಾಲ್ದಾರ ಕಾಕಾ ಅವರ ಹೆಂಡತಿಯದು. ಬೀಳಗಿಯ ಕಡೆಯ ತಮ್ಮ ತವರಿನಿಂದ, ಅವ್ವ ಹಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಟಿಸಿಲನ್ನು ತಂದು ಹಚ್ಚಿದ್ದು. ಆ ಅವ್ವ ಹೋಗಿ, ಅಣ್ಣತಮ್ಮಂದಿರಿಲ್ಲದ ಆ ಮನೆ ಬೇರೆಯವರ ಪಾಲಾಗಿ ಎಷ್ಟೋ ವರ್ಷವಾಗಿತ್ತು. "ತವರ ಅನ್ನೂದು ಇದೊಂದ ಉಳದೈತಿ ನೋಡ ಬೇ ತಂಗಿ" ಎಂದು ಗಿಡದ ಎಲೆ ಸವರುತ್ತಿದ್ದರು. ಹಾಗಂತ ಕಾಕಾ ಅವರ ಕಾಯ್ದೆಯಲ್ಲಿ ತವರಿನ ಗಿಡಕ್ಕೆ ರಿಯಾಯಿತಿ ಇರಲಿಲ್ಲ. ಒಣಗಿದರೆ ಅದನ್ನೂ ಕೀಳುವುದೇ. ಅದು ಒಣಗುತ್ತಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಎದೆಯೊಡ್ಡಿ ಮೊಗ್ಗು ಬಿಡುತ್ತಿತ್ತು. ಕಾಕಾ ಅವರಿಗೆ ಅದೇ ನುಂಗಲಾರದ ತುತ್ತು. ಮುಂಜಾನೆ ಎದ್ದು ಬೆರಳನ್ನು ಅದರ ಬುಡಕ್ಕಿಳಿಸಿ ಮೂಸಿ, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ವಿಚಾರಣೆ ನಡೆಸುತ್ತಿದ್ದರು: "ಖರೆ ಹೇಳ, ನಿನಗ ಯಾರ ನೀರ ಹಾಕಾಕತ್ತಾರ?"

ಮೊದಲು ಗುಮಾನಿ ಬಂದದ್ದು ಪಾತ್ರೆ ತೊಳೆಯುವವಳ ಮೇಲೆ. ಅವಳು ಆಣೆ ಮಾಡಿ, ಅತ್ತು, ಕೆಲಸವನ್ನೇ ಬಿಟ್ಟಳು. ಆಮೇಲೆ ಗುಮಾನಿ ನಡುಗೋಡೆ ಹತ್ತಿ ನಮ್ಮ ಮನೆಗೆ ಇಳಿಯಿತು. ನಾನು ಬಟ್ಟೆ ಒಗೆದ ನೀರನ್ನು ಎಲ್ಲಿ ಚೆಲ್ಲುತ್ತೇನೆ, ಬಕೇಟು ಗೋಡೆಗೆ ಎಷ್ಟು ಹತ್ತಿರ ಇಡುತ್ತೇನೆ ಎಂದು ಮೀಸೆ ಇಣುಕತೊಡಗಿತು. ಒಂದು ದಿನ ಗೋಡೆಯ ಮೇಲೆ ಜಾಲಿ ಮುಳ್ಳು ಬಂದು ಬಿತ್ತು. ನನಗೂ ಸಿಟ್ಟು ಬಂತು. ಅಲ್ಲ, ನನ್ನ ಗುಲಾಬಿಗೇ ನೀರಿಲ್ಲದಾಗ ಮಂದಿಯ ಮಲ್ಲಿಗೆಗೆ ಹಾಕಲು ನನಗೇನು ಹುಚ್ಚೇ? ಎರಡೂ ಮನೆಗಳ ನಡುವೆ ಮಾತು ನಿಂತಿತು. ಕಾಕು ಮಾತ್ರ ಮುಳ್ಳಿನ ಸಂದಿಯಿಂದ ಮೊದಲಿನಂತೆಯೇ ಒಂದು ಗೇಣು ಮಲ್ಲಿಗೆ ಮಾಲೆ ದಾಟಿಸುತ್ತಿದ್ದರು, ಮುಖದಲ್ಲಿ ಒಂದು ಥರದ ನಗು ಇಟ್ಟುಕೊಂಡು. ಆ ನಗುವಿನ ಮೇಲೆ ನನಗೆ ಸಂಶಯ ಹುಟ್ಟಿತು. ಸಂಶಯ ಅಂಟುಜಾಡ್ಯ, ಬಾಜೂ ಮನೆಯಲ್ಲಿದ್ದವರನ್ನು ಬಿಡುವುದಿಲ್ಲ.

ಅದೇ ಬೇಸಿಗೆ ಕಾಕಾ ಕೊನೆಯ ಉಪಾಯ ಹೂಡಿದರು. ಒಲೆಯ ಬೂದಿ ಸೋಸಿ ಮಲ್ಲಿಗೆಯ ಸುತ್ತ ತೆಳ್ಳಗೆ ಹರಡಿದರು, ಕಳ್ಳನ ಹೆಜ್ಜೆ ಮೂಡಲಿ ಎಂದು. ಮರುದಿನ ಹೊತ್ತೇರಿದ ಮೇಲೆ, ಮಾತು ಬಿಟ್ಟಿದ್ದನ್ನೂ ಮರೆತು, ನಮ್ಮವರನ್ನು ಸಾಕ್ಷಿಗೆ ಕರೆದರು. ನಮ್ಮವರ ಬೆನ್ನಿಗೆ ನಾನೂ ಹೋಗಿ ನೋಡಿದೆ. ಬೂದಿಯ ಮೇಲೆ ಬರಿಗಾಲಿನ ಹೆಜ್ಜೆಗಳು ಒಡೆದು ಕಾಣುತ್ತಿದ್ದವು, ಹೋಗಿದ್ದು ಬಂದಿದ್ದು ಎರಡೂ. "ಇವು ಯಾರವ್ರಿ ಕಾಕಾ?" ಎಂದರು ನಮ್ಮವರು. "ಅವು ನನ್ನವ, ಬಿಡ್ರಿ. ಪೂಜಿ ಮುಗಿಸಿ ಬಂದಿದ್ದೆ. ನನ್ನ ಬಿಟ್ಟು ಬ್ಯಾರೇದು ಹುಡುಕ್ರಿ" ಎಂದರು. ಬೇರೆಯದು ಒಂದೂ ಇರಲಿಲ್ಲ. ಕಳ್ಳ ಭಾರಿ ಇದ್ದಾನೆ ಎಂದು ಮೀಸೆ ತಿರುವುತ್ತ ಒಳಗೆ ಹೋದರು.

ನನಗೆ ಗುಟ್ಟು ತಿಳಿದದ್ದು ಶಾವಿಗೆ ಹೊಸೆಯುವಾಗ. ಕಾಕಾ ಪೇಟೆಗೆ ಹೋದ ಹೊತ್ತು ನೋಡಿ ಕಾಕು ನನ್ನನ್ನು ಕರೆದಿದ್ದರು. ಮಣೆಯ ಮೇಲೆ ಎಳೆ ಎಳೆಯಾಗಿ ಶಾವಿಗೆ ಇಳಿಸುತ್ತ, ನಾನು ಕೇಳದೆಯೇ ಹೇಳಿದರು. ಕಾಕಾ ದಿನಾ ಮುಂಜಾನೆ ಲಿಂಗಪೂಜೆ ಮಾಡಿ, ದೇವರಕೋಣೆಯ ಜಗಲಿಯ ಮೂರ್ತಿಗಳಿಗೆಲ್ಲ ನೀರೆರೆದು, ತಾಟು ತಂಬಿಗೆ ತೊಳೆದ ನೀರನ್ನು ಒಂದು ಗಂಗಾಳದಲ್ಲಿ ಹಿಡಿಯುತ್ತಿದ್ದರು. ಪೂಜೆಯ ನೀರು ಕಾಲಿಗೆ ಸಿಗಬಾರದು, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಸುರಿಯಬೇಕು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ರೀತಿ. "ಈ ಮನಿಗಿ ಬಂದ ಹೊಸದಾಗಿ, ಎಲ್ಲಿ ಚೆಲ್ಲಲಿ ಅಂತ ಕೇಳಿದ್ರು. ಆ ಮೂಲ್ಯಾಗ ಯಾರೂ ಅಡ್ಡಾಡೂದಿಲ್ರಿ ಅಂತ ನಾನ ತೋರಿಸೀನಿ. ಮರುದಿನ ಅಲ್ಲೇ ಮಲ್ಲಿಗಿ ಹಚ್ಚೀನಿ" ಎಂದರು ಕಾಕು. ಗಂಗಾಳ ತುಂಬ ನೀರು ದಿನವೂ ಕಾಕಾ ಅವರ ಕೈಯಿಂದಲೇ ಮಲ್ಲಿಗೆಗೆ ಬೀಳುತ್ತಿತ್ತು. ಅವರ ಲೆಕ್ಕದಲ್ಲಿ ಅದು ನೀರೇ ಅಲ್ಲ, ತೀರ್ಥ. ಮಣ್ಣು ಮೂಸುತ್ತಿದ್ದದ್ದು ಪೂಜೆಗೆ ಮುಂಚೆ, ಹಿಂದಿನ ದಿನದ್ದೆಲ್ಲ ಆರಿದ ಮೇಲೆ. ಹೀಗಿದ್ದ ಮೇಲೆ ಕಳ್ಳ ಎಲ್ಲಿ ಸಿಕ್ಕಾನು? ನಾವಿಬ್ಬರೂ ಶಾವಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಹೇಳಬ್ಯಾಡ ಬೇ" ಎಂದರು ಕಾಕು, ಕಣ್ಣೊರೆಸಿಕೊಳ್ಳುತ್ತ.

ಮುಂದಿನ ಬೇಸಿಗೆಯ ಹೊತ್ತಿಗೆ ಕಾಕು ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಂಟು ಎಂದರು. ಶಿವರಾತ್ರಿ ಮುಗಿದ ಮೇಲೆ ಕಾಕಾ ಮನೆಗೆ ಬೀಗ ಹಾಕಿ ಅವರನ್ನು ಮಿರಜದ ದವಾಖಾನೆಗೆ ಒಯ್ದರು. ಕೀಲಿಯನ್ನು ನಮಗೆ ಕೊಡಲಿಲ್ಲ, ಕೊಡುವ ಪೈಕಿಯೂ ಅಲ್ಲ. ನನ್ನ ಕಡೆಯಿಂದ ಮುಳ್ಳಿನಾಚೆಯ ಆ ಮೂಲೆ ಕಾಣುತ್ತಲೂ ಇರಲಿಲ್ಲ. ವಾರಗಳು ಕಳೆದವು... ಕಾಕಾ ಮರಳಿ ಬಂದಾಗ ಒಬ್ಬರೇ ಬಂದರು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಚದುರಿದ ಒಂದು ಮುಂಜಾನೆ, "ತಂಗಿ, ಇತ್ತಾಗ ಬಾ" ಎಂದು ಕರೆದರು. ಹಿತ್ತಲಿಗೆ ಹೋದೆ. ಕಣಗಿಲ ಹೂ ಬಿಟ್ಟಿತ್ತು, ಗೋರಂಟಿ ಅಲ್ಲಾಡದೆ ನಿಂತಿತ್ತು. ಮಲ್ಲಿಗೆ ಮಾತ್ರ ಒಣಗಿ ಬರೀ ಕಡ್ಡಿ. ಕಾಕಾ ಅದರ ಮುಂದೆ ನಿಂತಿದ್ದರು, ಆ ಬೆನ್ನು ಬಾಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಕೇಸ್ ಮುಗೀತ ನೋಡು" ಎಂದರು. "ಆಕಿ ಹೋದಳು, ಗಿಡಾ ಒಣಗಿತು. ಅಂದ್ರ ನೀರ ಹಾಕತಿದ್ದಾಕಿ ಆಕೀನ. ಜನ್ಮೆಲ್ಲಾ ಎಲ್ಲಾರ ಮ್ಯಾಲೂ ಸಂಶೇ ಪಟ್ಟೆ ತಂಗಿ, ಆಕಿ ಒಬ್ಬಾಕಿನ್ನ ಬಿಟ್ಟು. ಆಕೀನ ನನಗ ಮೋಸಾ ಮಾಡಿದಳಲ್ಲ."

ಒಣಗಿದ ಗಿಡ ಹೋಗಲಿ. ಜಗತ್ತಿನಲ್ಲಿ ಈ ಮನುಷ್ಯ ನಂಬಿದ್ದೇ ಒಬ್ಬರನ್ನು, ಅವರೂ ಈಗ ಕಟಕಟೆಯಲ್ಲಿ ನಿಂತಿದ್ದರು, ಬಾಯಿಬಿಟ್ಟು ಒಂದು ಮಾತು ಹೇಳಿಕೊಳ್ಳಲಾರದೆ. ಕಾಕು ಹೇಳಬೇಡ ಎಂದಿದ್ದು ನೆನಪಿತ್ತು. ಆದರೂ ಹೇಳಿದೆ: "ಕಾಕು ಹಾಕತಿದ್ದಿಲ್ರಿ ಕಾಕಾ. ನೀವ ಹಾಕತಿದ್ರಿ."

ಅವರ ಮೀಸೆ ನಿಮಿರಿತು. ನಾನು ಗಂಗಾಳದ ನೀರಿನ ವಿಷಯ ಹೇಳಿದೆ. ದಿನಾ ಮುಂಜಾನೆ ಪೂಜೆ ಮುಗಿಸಿ ಎಲ್ಲಿಗೆ ಬರುತ್ತಿದ್ದಿರಿ, ಏನು ಸುರಿಯುತ್ತಿದ್ದಿರಿ, ಮಿರಜದಲ್ಲಿದ್ದಷ್ಟು ದಿನ ಅದು ಯಾರ ಕೈಯಿಂದ ಬೀಳಬೇಕಿತ್ತು ಎಂದು ಕೇಳಿದೆ. "ಅದು ನೀರಲ್ಲ" ಎಂದರು ಮೊದಲು, ಗದರಿದಂತೆ. ಅದನ್ನೇ ಮತ್ತೊಮ್ಮೆ ಅಂದರು, ಈ ಸಲ ದನಿ ತಗ್ಗಿತ್ತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ನನ್ನ ಕಡೆ ತಿರುಗದೆ, ಗೋಡೆಯನ್ನೇ ನೋಡುತ್ತ ಕೇಳಿದರು: "ಆಕಿಗಿ ಇದು ಗೊತ್ತಿತ್ತೇನು?"

"ಇಲ್ರಿ ಕಾಕಾ" ಎಂದೆ.

"ಹೂಂ" ಎಂದರು ಅಷ್ಟೇ. ಇನ್ನೊಂದು ಪ್ರಶ್ನೆ ಬರುತ್ತದೆಂದು ಕಾದು ನಿಂತಿದ್ದೆ. ಬರಲಿಲ್ಲ. ಮರುದಿನ ಪೂಜೆ ಮುಗಿದ ಮೇಲೆ ಗೋಡೆಯಾಚೆ ನೀರು ಸುರಿದ ಸಪ್ಪಳ ಕೇಳಿಸಿತು. ಅದರ ಮರುದಿನವೂ ಕೇಳಿಸಿತು. ಮಿರಗದ ಮಳೆ ಬಂತು, ಮಲ್ಲಿಗೆ ಚಿಗುರಲಿಲ್ಲ. ಫೇಲಾದ ಗಿಡವನ್ನು ಕೀಳದೆ ಬಿಟ್ಟದ್ದನ್ನು ಆ ಹಿತ್ತಲಲ್ಲಿ ನಾನು ಕಂಡದ್ದು ಅದೊಂದೇ ಸಲ. ಪಾತ್ರೆ ತೊಳೆಯುವವಳ ಮನೆಗೆ ಅವರೇ ಹೋಗಿ ಕರೆದುಕೊಂಡು ಬಂದರೆಂದೂ ಕೇಳಿದೆ, ಇದ್ದರೂ ಇರಬಹುದು.

ನಮಗೆ ಮುಧೋಳಕ್ಕೆ ವರ್ಗವಾಯಿತು, ಅಲ್ಲಿಂದ ಇನ್ನೊಂದು ಕಡೆಗೆ. ಕಾಕಾ ಹೋದ ಸುದ್ದಿ ಬಹಳ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತಾಗ ಸಿಕ್ಕಿತು. ಎಲೆಯ ಮುಂದೆ ಅಳುವಂತಿಲ್ಲ, ಎದ್ದು ಬಂದೆ. ಈಗ ಆ ಹಿತ್ತಲಿಗೆ ಫರಸಿ ಕಲ್ಲು ಹಾಸಿದ್ದಾರಂತೆ.

ಅಂದು ನಾನು "ಇಲ್ರಿ" ಎಂದು ಹೇಳಿದ್ದು ಸುಳ್ಳು. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೇನೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ವಯಸ್ಸು ಅವರ ವಯಸ್ಸಿನ ಹತ್ತಿರ ಬಂದಂತೆ ಒಂದು ಸಂಶಯ ಮಾತ್ರ ಬಿಡದೆ ಕಾಡುತ್ತದೆ. ಅಷ್ಟು ದೊಡ್ಡ ಪ್ರಶ್ನೆ ಕೇಳುವಾಗ ಆ ಮನುಷ್ಯ ನನ್ನ ಮುಖವನ್ನು ಯಾಕೆ ನೋಡಲಿಲ್ಲ? ನೋಡಿದ್ದರೆ ನಾನು ಆ ಕ್ಷಣವೇ ಸಿಕ್ಕಿಬೀಳುತ್ತಿದ್ದೆ. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.