ಖಾಲಿ ಬಂದ ಡಬ್ಬ

ಮಕ್ಕಳೇ, ನಾನು ಚಿಕ್ಕವನಿದ್ದ ವರ್ಷಗಳಲ್ಲಿ ಊರಿಗೆ ಊರೇ ಮಾಸ್ಕ್ ಹಾಕಿಕೊಂಡು ಓಡಾಡುತ್ತಿತ್ತು. ಆಗ ನಾವು ಜಪಾನಿನ ಹಿರೋಷಿಮಾದಲ್ಲಿದ್ದೆವು. ಅಪ್ಪನಿಗೆ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಕೊರೊನಾದಿಂದಾಗಿ ಯಾರೂ ಇನ್ನೊಬ್ಬರ ಮನೆಯೊಳಗೆ ಹೋಗುತ್ತಿರಲಿಲ್ಲ. ಆದರೂ ನಮ್ಮ ದಿನಚರಿ ಕೆಡಲಿಲ್ಲ. ಬೇಗ ಏಳಬೇಕು, ಹಾಸಿಗೆ ಮಡಿಚಬೇಕು, ಬಾಗಿಲಲ್ಲಿ ಶೂಗಳನ್ನು ಸಾಲಾಗಿ ಇಡಬೇಕು. ಈ ಕಥೆಯನ್ನೂ ಹಾಗೆಯೇ ಸಾಲಾಗಿ ಹೇಳುತ್ತೇನೆ.

ಪಕ್ಕದ ಮನೆಯಲ್ಲಿ ಒಬ್ಬರು ಜಪಾನಿ ಸೈನಿಕರು ಒಂಟಿಯಾಗಿದ್ದರು. ನಾವು ಅವರನ್ನು ಮಾಮ ಎನ್ನುತ್ತಿದ್ದೆವು. ಪಾಪ, ದಿನವೂ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ತಣ್ಣನೆಯ ಊಟ ತರುತ್ತಾರೆಂದು ಅಮ್ಮ ಒಂದು ಸ್ಟೀಲ್ ಡಬ್ಬದ ತುಂಬ ಬಿಸಿಬೇಳೆ ಭಾತ್ ಹಾಕಿ, ಚೀಲದಲ್ಲಿಟ್ಟು, ಅವರ ಬಾಗಿಲಿನ ಹಿಡಿಕೆಗೆ ತೂಗುಹಾಕಿದಳು. ಬಂದ ಡಬ್ಬವನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ನಮ್ಮ ಪದ್ಧತಿ. ಅವರ ಕಡೆಯೂ ಅದೇ ಪದ್ಧತಿಯಂತೆ. ಮರುದಿನ ಡಬ್ಬದ ತುಂಬ ಮೆತ್ತನೆಯ ಅಕ್ಕಿಯ ಸಿಹಿ ಬಂತು. ಅಮ್ಮ ಬಿಡುವಳೇ? ತುಪ್ಪ ಸವರಿದ ಒಬ್ಬಟ್ಟು ಕಳಿಸಿದಳು. ಚಳಿಗಾಲವಿಡೀ ಡಬ್ಬಕ್ಕೆ ಬಿಡುವೇ ಇರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಡಬ್ಬ ಖಾಲಿ ಬಂತು. ಮುಚ್ಚಳ ತೆಗೆದ ಅಮ್ಮ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಪ್ಪು ಹೆಚ್ಚಾಯಿತೋ, ನಮ್ಮಿಂದ ಏನು ತಪ್ಪಾಯಿತೋ ಎಂದು ಅಪ್ಪನನ್ನು ಕೇಳತೊಡಗಿದಳು. ಹೊರಗೆ ಇಣುಕಿದರೆ ವರಾಂಡದ ಆ ತುದಿಯಲ್ಲಿ ಮಾಮ ಸೊಂಟ ಬಗ್ಗಿಸಿ ನಿಂತಿದ್ದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಜಪಾನಿ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರು. ಅಲ್ಲಿನ ಶಾಲೆಗೆ ಹೋಗುತ್ತಿದ್ದ ನನ್ನಕ್ಕ ಅದನ್ನು ಕನ್ನಡಕ್ಕೆ ತಂದಳು. ಊಟವೇನೋ ಬಹಳ ರುಚಿ, ಆದರೆ ಸಮವಸ್ತ್ರದ ಗುಂಡಿ ಹಾಕಲಾಗುತ್ತಿಲ್ಲ. ಸೋಂಕಿನ ಭಯಕ್ಕೆ ಸೈನಿಕರ ಜಿಮ್ ಮುಚ್ಚಿದೆ. ಮಳೆಗಾಲಕ್ಕೆ ಮುಂಚೆ ಓಟದ ಪರೀಕ್ಷೆಯಿದೆ. ಪಾಸಾದವರಿಗೆ ಮಾತ್ರ ಪ್ರವಾಹ ಪರಿಹಾರದ ತಂಡದಲ್ಲಿ ಜಾಗ. ನೀರಲ್ಲಿ ಸಿಕ್ಕಿಬಿದ್ದವರನ್ನು ಹೊತ್ತು ತರುವ ಆ ಕೆಲಸಕ್ಕೆಂದೇ ಅವರು ಸೈನ್ಯ ಸೇರಿದ್ದಂತೆ.

ಅಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಸಾಕು ಅಂತ ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಒಬ್ಬಟ್ಟು ಬಡಿಸಿದ್ರೆ ಸಾಕು ಅನ್ನೋ ಧೈರ್ಯ ನನಗೇ ಇಲ್ಲ, ಅವರಿಗೆಲ್ಲಿಂದ ಬರುತ್ತೆ?" ಎಂದ ಅಪ್ಪ. "ನಾಳೆಯಿಂದ ಅವರನ್ನ ನಾನು ಓಡಿಸ್ತೀನಿ ಬಿಡು."

ಅಕ್ಕ ಅಪ್ಪನ ಹೊಟ್ಟೆಯನ್ನೇ ನೋಡಿದಳು. "ಯಾರು ಯಾರನ್ನ ಓಡಿಸ್ತಾರೋ ನೋಡೋಣ. ನಾಳೆ ಯಾಕೆ? ಈಗ್ಲೇ ಶೂ ಹಾಕ್ಕೋ."

ನದಿಯ ದಂಡೆಯಲ್ಲಿ ಸಮುದ್ರದ ಉಪ್ಪುಗಾಳಿ ಬೀಸುತ್ತಿತ್ತು. ಮುಂದೆ ಸೈಕಲ್ ಮೇಲೆ ಗಂಟೆ ಬಾರಿಸುತ್ತ ಅಕ್ಕ, ಸೋಂಕಿನ ಭಯಕ್ಕೆ ಅಂತರ ಬಿಟ್ಟು ಹಿಂದೆ ಮಾಮ, ಮತ್ತಷ್ಟೇ ಅಂತರ ಬಿಟ್ಟು ನಾನು ಮತ್ತು ಅಪ್ಪ. ಅಕ್ಕ ನಿಲ್ಲಿ ಎಂದರೆ ಮಾಮ ಅಟೆನ್ಷನ್‌ನಲ್ಲಿ ನಿಲ್ಲುತ್ತಿದ್ದರು. ಅಪ್ಪ ಮೊದಲ ಸೇತುವೆಯ ಹತ್ತಿರವೇ ಕೂತುಬಿಟ್ಟ. ಎರಡನೆಯದು ಬರುವಷ್ಟರಲ್ಲಿ ಮಾಮನೂ ಮಂಡಿಗೆ ಕೈಯೂರಿ ನಿಂತರು. ಬೆವರು ತೊಟ್ಟಿಕ್ಕುತ್ತಿತ್ತು. ಇನ್ನಾಗದು ಎನ್ನುವಂತೆ ನೀರನ್ನೇ ನೋಡುತ್ತಿದ್ದರು.

"ಬನ್ನಿ ಮಾಮ, ಬನ್ನಿ" ಎಂದು ಅಕ್ಕ ಸೈಕಲ್ ತಿರುಗಿಸಿ ಕನ್ನಡದಲ್ಲೇ ಕೂಗಿದಳು. ನಾನೂ ದನಿಗೂಡಿಸಿದೆ. ಹಿಂದಿನಿಂದ ಅಪ್ಪ, ಕೂತಲ್ಲಿಂದಲೇ. ಮಾಮನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕಾಲೆತ್ತಿ ಮತ್ತೆ ಓಡತೊಡಗಿದರು.

ಮನೆಗೆ ಬಂದಮೇಲೆ ಅಕ್ಕ ಕಾನೂನು ಹೊರಡಿಸಿದಳು: ಇನ್ನು ಡಬ್ಬದಲ್ಲಿ ತರಕಾರಿಗೆ ಮಾತ್ರ ಪ್ರವೇಶ. ನಮ್ಮ ಕಡೆಯಿಂದ ಸೌತೆಕಾಯಿ ಕೋಸಂಬರಿ, ಅವರ ಕಡೆಯಿಂದ ಉಪ್ಪುನೀರಿನಲ್ಲಿ ಬೇಯಿಸಿದ ಎಳೆ ಸೋಯಾಕಾಯಿ. ಓಟವೂ ದಿನಾ ನಡೆಯಿತು. ತುಪ್ಪದ ಚಮಚ ಕೆಳಗಿಡುವುದೇ ಅಮ್ಮನಿಗೆ ಕಷ್ಟವಾಯಿತು.

ಮಾಮ ಪಾಸಾದರು. ಜುಲೈನ ಒಂದು ಮುಂಜಾನೆ, ಜೋರು ಮಳೆಯಲ್ಲಿ, ದೋಣಿ ಹೇರಿಕೊಂಡ ಸೈನ್ಯದ ಲಾರಿಗಳು ಸೇತುವೆ ದಾಟಿ ಹೋದವು. ಒಂದರ ಹಿಂಬದಿಯಿಂದ ನಮ್ಮ ಬಾಲ್ಕನಿಯತ್ತ ಒಂದು ಕೈ ಬೀಸಿತು.

ಮಕ್ಕಳೇ, ಶಾಲೆಯ ಓಟದಲ್ಲಿ ಗೆಳೆಯ ಹಿಂದೆ ಬಿದ್ದರೆ ನೀವು ಕೈ ಹಿಡಿದು ಎಳೆದುಕೊಂಡು ಬರುತ್ತೀರಿ, ಮುಗಿದಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತೀರಿ. ನಾವು ಆಗ ಯಾರನ್ನೂ ಮುಟ್ಟುವಂತಿರಲಿಲ್ಲ. ಅಷ್ಟು ದೊಡ್ಡ ಸೈನಿಕರನ್ನು ಬರೀ ಕೂಗಿ ಕೂಗಿಯೇ ಎಳೆದುಕೊಂಡು ಬಂದೆವು.