ಹೆಸರು ಹೇಳದೆ ಮಾಡಿದ ಭಾಷಣ

ಕಾಯಿಲೆಯವರ ಗುಟ್ಟನ್ನು ಯಾಕೆ ಕಾಪಾಡಬೇಕು ಅಂತ ಊರಿಗೆ ತಿಳಿಸಲು ಹೋಗಿ, ನನ್ನ ಚಿಕ್ಕವ್ವನ ಕಾಯಿಲೆಯನ್ನು ಮೈಕಿನಲ್ಲಿ ಊರಿಗೆಲ್ಲ ಹೇಳಿಬಿಟ್ಟೆ. ಇಷ್ಟೇ ನಾನು ಮಾಡಿದ ತಪ್ಪು. ಹೇಳಿದರೆ ಯಾರೂ ನಂಬುವುದಿಲ್ಲ. ಇಷ್ಟು ದೊಡ್ಡ ಪೆದ್ದುತನ ಒಬ್ಬನೇ ಮಾಡಲು ಆಗುವುದಿಲ್ಲ, ನಾಲ್ಕು ಜನ ಸೇರಬೇಕು ಅನ್ನುತ್ತಾರೆ. ಬೇಕಿಲ್ಲ. ಸ್ವಲ್ಪ ಓದಿಕೊಂಡಿದ್ದರೆ ಒಬ್ಬನಿಗೇ ಸಾಧ್ಯ.

ನಾನು ಓದುತ್ತಿದ್ದದ್ದು ಕಾನೂನು. ಮೈಸೂರಿನಲ್ಲಿ, ಕೊನೆಯ ವರ್ಷ. ಆರಿಸಿಕೊಂಡ ವಿಷಯ ಅಂತರರಾಷ್ಟ್ರೀಯ ಆರೋಗ್ಯ ಕಾನೂನು. ಮನುಷ್ಯಕುಲದ ಮೇಲಿನ ಪ್ರೀತಿಯಿಂದ ಅದನ್ನು ಆರಿಸಿಕೊಂಡೆ ಅಂತ ಯಾರೂ ತಿಳಿಯಬೇಡಿ. ತೆರಿಗೆ ಕಾನೂನಿನ ಕ್ಲಾಸು ಬೆಳಿಗ್ಗೆ ಎಂಟಕ್ಕಿತ್ತು, ನಮ್ಮೂರಿನ ಬಸ್ಸು ನಂಜನಗೂಡು ಮುಟ್ಟುತ್ತಿದ್ದದ್ದೇ ಎಂಟೂಕಾಲಕ್ಕೆ. ಹಾಗಾಗಿ ನಾನು ಜಗತ್ತಿನ ರೋಗಿಗಳ ಪರವಾಗಿ ನಿಂತೆ. ದೇಶದೇಶಗಳು ಸೇರಿ ಸಹಿ ಹಾಕಿದ ಒಡಂಬಡಿಕೆಯೊಂದಿದೆ, ಅದರಲ್ಲಿ ಆರೋಗ್ಯ ಪ್ರತಿಯೊಬ್ಬನ ಹಕ್ಕು ಅಂತಿದೆ. ಅದರ ವಿವರಣೆಗಳಲ್ಲಿ, ಕಾಯಿಲೆಯ ವಿಷಯವನ್ನು ಗುಟ್ಟಾಗಿ ಇಡುವುದೂ ಆ ಹಕ್ಕಿನ ಭಾಗ ಅಂತಿದೆ. ಈ ಎರಡು ಮಾತು ಬಿಟ್ಟರೆ ಆ ವರ್ಷ ನನ್ನ ತಲೆಯಲ್ಲಿ ನಿಂತದ್ದು ಕಾಲೇಜಿನ ಮುಂದಿನ ಹೋಟೆಲಿನ ಮೆನು ಮಾತ್ರ.

ಚಿಕ್ಕವ್ವ ನಮ್ಮವ್ವನ ತಂಗಿ. ಗಂಡ ತೀರಿಕೊಂಡು, ಒಬ್ಬಳೇ ಮಗಳು ಮದುವೆಯಾಗಿ ಹೋದ ಮೇಲೆ ಅವಳಿಗೆ ಉಳಿದದ್ದು ನಮ್ಮೂರ ಶಾಲೆಯ ಬಿಸಿಯೂಟದ ಅಡುಗೆಮನೆ. ನಮ್ಮೂರು ನಂಜನಗೂಡಿನ ಕಡೆ, ಹದಿನಾರು ಅನ್ನುವ ಊರು ದಾಟಿ ಸ್ವಲ್ಪ ದೂರ. ಶಾಲೆಯಲ್ಲಿ ಯಾವ ಮಗುವಿಗೆ ಬೇಳೆ ಸೇರುವುದಿಲ್ಲ, ಯಾವುದು ಎರಡನೇ ಸಲ ಕೇಳಲು ನಾಚುತ್ತದೆ, ಯಾವುದು ಮೊಟ್ಟೆಯನ್ನು ಚಡ್ಡಿ ಜೇಬಿನಲ್ಲಿಟ್ಟುಕೊಂಡು ತಂಗಿಗೆ ಒಯ್ಯುತ್ತದೆ, ಎಲ್ಲ ಅವಳಿಗೆ ಗೊತ್ತು. ಬೇಸಿಗೆ ರಜೆ ಬಂದರೆ ಜ್ವರ ಬಂದವಳ ಹಾಗೆ ಜಗಲಿಯ ಮೇಲೆ ಕುಳಿತಿರುತ್ತಿದ್ದಳು.

ಆ ವರ್ಷ ಕೆಮ್ಮು ಹಿಡಿಯಿತು. ಬಿಡಲೇ ಇಲ್ಲ. ನಂಜನಗೂಡಿನ ಆಸ್ಪತ್ರೆಗೆ ಹೋಗೋಣ ಅಂದೆ.

“ಅಯ್ ಬುಡ್ಲಾ ಅತ್ಲಾಗೆ! ಅಲ್ಲಿ ಚೀಟಿ ಸಾಲಲ್ಲಿ ನಮ್ಮೂರೋರೇ ನಾಕ್ ಜನ ನಿಂತಿರ್ತಾರೆ. ಕೆಮ್ಮಿದ್ರೆ ಸಾಕು, ನಾನ್ ಮನೆಗ್ ಬರೋಕ್ ಮುಂಚೆ ಸುದ್ದಿ ಬಂದಿರ್ತದೆ.”

ಹೀಗಾಗಿ ಅವಳನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ತಿ. ನರಸೀಪುರಕ್ಕೆ ಹೋದೆ. ಕಫ ಪರೀಕ್ಷೆಯಾಯಿತು, ಟಿ.ಬಿ. ಅಂದರು. ಆರು ತಿಂಗಳು ಮಾತ್ರೆ. ಆ ತಾಲೂಕಿನ ಹೆಮ್ಮಿಗೆಯಲ್ಲಿ ಅವಳ ನಾದಿನಿಯ ಮನೆಯಿದೆ, ಅದರ ವಿಳಾಸ ಬರೆಸಿದಳು, ಮಾತ್ರೆ ನಮ್ಮೂರಿನ ಕಡೆ ಬರಬಾರದು ಅಂತ. ಶಾಲೆಗೆ ಸೊಂಟ ನೋವು ಅಂತ ಹೇಳಿ ಎರಡು ತಿಂಗಳು ರಜೆ ಹಾಕಿದಳು. ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದ ಡಾಕ್ಟರು, “ಇನ್ನು ನಿಮ್ಮಿಂದ ಯಾರಿಗೂ ಹರಡಲ್ಲಮ್ಮ, ಕೆಲಸಕ್ಕೆ ಹೋಗಬಹುದು, ಮಾತ್ರೆ ಮಾತ್ರ ಬಿಡಬೇಡಿ” ಅಂದು ಚೀಟಿಯನ್ನೂ ಬರೆದುಕೊಟ್ಟರು. ಆ ಚೀಟಿಯನ್ನು ಅವಳು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಯಾವ ಕಾಯಿಲೆ ಅಂತ ಹೇಳಬೇಕಲ್ಲ.

ತಿಂಗಳಿಗೊಮ್ಮೆ ನಮ್ಮ ಯಾತ್ರೆ. ಊರು ದಾಟುವವರೆಗೆ ಸೆರಗು ಮುಖದ ಮೇಲೆ. ದಾಟಿದ ಮೇಲೆ ಸೆರಗು ತೆಗೆದು ಬಾಯಿ ತೆರೆಯುವಳು. ಮಾತ್ರೆಯನ್ನು ಎಲೆಯಡಿಕೆ ಚೀಲದಲ್ಲಿ ಅಡಿಕೆಯ ಕೆಳಗೆ ಇಟ್ಟುಕೊಂಡದ್ದು, ಯಾರೋ ಅಡಿಕೆ ಕೇಳಿದಾಗ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಗಿದೋಯ್ತು ಅಂದದ್ದು, ಎಲ್ಲವನ್ನೂ ಹೇಳಿ ನಗುವಳು. ಸ್ವಂತ ಮಗಳಿಗೂ ಹೇಳಿರಲಿಲ್ಲ. “ಅವ್ಳ ಅತ್ತೆ ಮನೇಲಿ ಗೊತ್ತಾದ್ರೆ ಅವ್ಳನ್ನ ಇಲ್ಲಿಗೆ ಕಳ್ಸಕಿಲ್ಲ. ನಿಂಗ್ ಮಾತ್ರ ಏಳಿದ್ದೀನಿ ಕಣ್ಲಾ” ಅನ್ನುವಳು. ನನಗೆ ಹೆಮ್ಮೆ. ಹೊಟ್ಟೆಯಲ್ಲಿ ಗುಟ್ಟಿಟ್ಟುಕೊಂಡು ಓಡಾಡುವ ಗಂಭೀರ ವಕೀಲ ನಾನು.

ಇದನ್ನೆಲ್ಲ ಈಗ ಬರೆಯಬಹುದಾ ಅಂತ ಅವಳನ್ನು ಕೇಳಿದ್ದೇನೆ. “ಬರ್ಕೋ. ಇನ್ನೇನ್ ಉಳ್ಸಿದ್ದೀಯ?” ಅಂದಳು.

ನಾಲ್ಕು ತಿಂಗಳ ಮಾತ್ರೆ ಮುಗಿದಿತ್ತು. ಒಂದು ಶನಿವಾರ ಶಾಲೆಯಲ್ಲಿ ಕಾನೂನು ಅರಿವಿನ ಕಾರ್ಯಕ್ರಮ. ಹೆಡ್ಮಾಸ್ಟರು ನಂಜನಗೂಡಿನ ದೇವಸ್ಥಾನದ ಬೀದಿಯವರು, ನನಗೆ ಮಗ್ಗಿ ಕಲಿಸಿದವರು. ಫೋನು ಮಾಡಿ, “ನಮ್ಮ ಶಾಲೆಯ ಹುಡುಗ ನೀನು, ಬಂದು ನಾಲ್ಕು ಮಾತಾಡಪ್ಪ” ಅಂದರು. ನಾನು ಎರಡು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಎಮ್ಮೆಗೂ ಒಂದು ಸಲ ಪೂರ್ತಿ ಭಾಷಣ ಒಪ್ಪಿಸಿದೆ. ಅದು ಮಧ್ಯದಲ್ಲಿ ಎದ್ದುಹೋಯಿತು. ಆ ಎಮ್ಮೆಗಿದ್ದ ಬುದ್ಧಿ ನನಗಿರಲಿಲ್ಲ.

ಜನ ಚೆನ್ನಾಗಿ ಸೇರಿದ್ದರು. ಒಡಂಬಡಿಕೆಯ ವಿಷಯ ಎತ್ತಿದೆ. ಮೊದಲ ಸಾಲಿನ ಅಜ್ಜ ನಿದ್ದೆ ಹೋದ. ಎರಡನೆಯ ಸಾಲಿನವರು ಫೋನು ತೆಗೆದರು. ಹಿಂದಿನ ಸಾಲಿನಲ್ಲಿ ಯಾರೋ ಎದ್ದೇ ನಿಂತರು. ಸಭೆ ಕೈ ಜಾರುತ್ತಿದೆ ಅಂತ ಗಾಬರಿಯಾಯಿತು. ನನಗೆ ಗೊತ್ತಿರುವ ವಿದ್ಯೆ ಒಂದೇ. ಬೇರೆಯವರ ದನಿ ಮಾಡುವುದು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ಮಾಡಿ ಒಂದು ಇಡೀ ಕ್ಲಾಸಿಗೆ ರಜೆ ಕೊಟ್ಟವನು ನಾನು.

“ಒಬ್ಬ ಹೆಂಗಸು ಅಂತ ಇಟ್ಕೊಳ್ಳಿ” ಅಂದೆ. “ಹೆಸರು ಹೇಳಲ್ಲ. ಹೇಳಿದ್ರೆ ಅದೇ ಹಕ್ಕಿನ ಉಲ್ಲಂಘನೆ.”

ಆಮೇಲೆ ಹೆಗಲ ಮೇಲಿನ ಟವಲನ್ನು ಸೆರಗಿನ ಹಾಗೆ ಮುಖಕ್ಕೆ ಎಳೆದುಕೊಂಡೆ. ಪರ ಊರಿಗೆ ಹೋಗಿ ಟಿ.ಬಿ. ಮಾತ್ರೆ ತರುವುದನ್ನು ನಡೆದು ತೋರಿಸಿದೆ. ಅಡಿಕೆಯ ಕೆಳಗಿಂದ ಮಾತ್ರೆ ತೆಗೆದೆ. ಕಣ್ಣು ಆ ಕಡೆ ಈ ಕಡೆ ಹೊರಳಿಸಿ, ಮೈಕಿಗೆ ಬಾಯಿಟ್ಟು, “ಅಯ್ ಬುಡ್ಲಾ ಅತ್ಲಾಗೆ!” ಅಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಅಜ್ಜ ಎಚ್ಚರಾಗಿ, ಪಕ್ಕದವರನ್ನು ಕೇಳಿ ತಿಳಿದುಕೊಂಡು, ತಡವಾಗಿ ನಕ್ಕ. ನಾನು ಅದೇ ಮಾತನ್ನು ಇನ್ನೆರಡು ಸಲ ಅಂದೆ. ನಗು ಬರುತ್ತಿರುವುದು ನನ್ನ ಕಲೆಗೆ ಅಂತ ತಿಳಿದಿದ್ದೆ. ಆ ದನಿಯ ಗುರುತು ಸಿಕ್ಕಿದ್ದಕ್ಕೆ ನಗುತ್ತಿದ್ದಾರೆ ಅಂತ ತಲೆಗೆ ಹೋಗಲಿಲ್ಲ. “ನಮ್ಮ ಮೈ ನಮ್ಮ ಹಕ್ಕು, ನಮ್ಮ ಗುಟ್ಟು ನಮ್ಮ ಸೊತ್ತು” ಅಂತ ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಶಾಲಾ ಸಮಿತಿಯ ಅಧ್ಯಕ್ಷರು ಶಾಲು ಹೊದಿಸಿ ಕಿವಿಯಲ್ಲಿ, “ಬೋ ಚೆಂದಾಗ್ ಮಾತಾಡ್ದೆ ಕಣ್ಲಾ, ಕಣ್ಣಿಗ್ ಕಟ್ಟಂಗ್ ಮಾಡ್ದೆ” ಅಂದರು.

ಆಮೇಲೆ ಕೇಸರಿಬಾತು ಹಂಚಿದರು. ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ ನೆನಪಾಯಿತು. ಪಕ್ಕದವರಿಗೆ ಶನಿವಾರದ ಉಪವಾಸ. ಇನ್ನೊಬ್ಬರಿಗೆ ಹಲ್ಲು ನೋವು. ತಟ್ಟೆಗಳು ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದವು. ಬೇಡ ಅಂದವರದ್ದನ್ನೆಲ್ಲ ನಾನು ಎಳೆದುಕೊಂಡು ಮೂರು ತಟ್ಟೆ ತಿಂದೆ. ಈ ಊರಿನ ಜನಕ್ಕೆ ಇಷ್ಟೊಂದು ಕಾಯಿಲೆ ಯಾವಾಗ ಬಂತು, ಇವರಿಗೆ ಆರೋಗ್ಯದ ಹಕ್ಕು ತುರ್ತಾಗಿ ಬೇಕು ಅಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ.

ಖಾಲಿ ತಟ್ಟೆ ಹಿಡಿದು, ಹೊಗಳಲು ಅಡುಗೆಮನೆಗೆ ಹೋದೆ. ಮೈಕಿನ ಹಾರ್ನನ್ನು ಅಡುಗೆಮನೆಯ ಕಿಟಕಿಗೇ ಕಟ್ಟಿದ್ದರು. ಅದರ ಕೆಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಚಿಕ್ಕವ್ವ ಕುಳಿತಿದ್ದಳು.

“ತಿಂದ್ಯೇನ್ಲಾ?”

“ಮೂರು ತಟ್ಟೆ” ಅಂದೆ. ನಗು ಇನ್ನೂ ಮುಖದ ಮೇಲೇ ಇತ್ತು.

“ಬಾಣ್ಲೀಲಿ ಇನ್ನೂ ಐತೆ. ಅಷ್ಟೂ ತಿನ್ನು. ಇನ್ಯಾರೂ ತಿನ್ನಕಿಲ್ಲ.”

ಆಗ ಅರ್ಥವಾಯಿತು. ಹೆಸರು ಹೇಳಲಿಲ್ಲ ಚಿಕ್ಕವ್ವ, ಹೆಸರು ಹೇಳಲೇ ಇಲ್ಲ ಅಂತ ಏನೇನೋ ತೊದಲಿದೆ. ಅವಳು ಬಾಣಲಿಗೆ ನೀರು ಹಾಕಿದಳು. ತುಪ್ಪದ ಕೇಸರಿಬಾತಿನ ಮೇಲೆ ಒಂದು ಕೊಡ ನೀರು. ಅನ್ನ ಕೆಳಗೆ ಬಿದ್ದರೆ ಹೆಕ್ಕಿ ಕಣ್ಣಿಗೊತ್ತಿಕೊಳ್ಳುವವಳು ಅವಳು.

ಸೋಮವಾರ ಮಕ್ಕಳು ಮನೆಯಿಂದ ಡಬ್ಬಿ ತಂದರು. ಚಿಕ್ಕವ್ವ ಮಾಮೂಲಿನ ಹಾಗೆ ಅನ್ನ ಸಾರು ಮಾಡಿ ಕಾದಳು. ತಟ್ಟೆ ಹಿಡಿದು ಬಂದದ್ದು ಡಬ್ಬಿ ಕಟ್ಟಲು ಮನೆಯಲ್ಲಿ ಯಾರೂ ಇಲ್ಲದ ನಾಲ್ಕೈದು ಮಕ್ಕಳು. ಬುಧವಾರ ಹೆಡ್ಮಾಸ್ಟರು, ಸ್ವಲ್ಪ ದಿನ ಮನೆಯಲ್ಲಿರಮ್ಮ ಅಂದರು. ನನ್ನ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದ್ದರು. ಅದು ಅವಳ ಮಗಳಿಗೂ ತಲುಪಿತು. ಮಗಳು ಫೋನು ಮಾಡಿ ಅತ್ತಳಂತೆ. “ಅವ್ವಾ, ನಂಗ್ ಏಳ್ಬಾರ್ದಿತ್ತಾ? ಅವ್ನ್ ಕುಣ್ದು ತೋರ್ಸೋದ್ ನೋಡಿ ನಾನ್ ತಿಳ್ಕೋಬೇಕಿತ್ತಾ?” ಅಂದಳಂತೆ.

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವ ಯೋಗ್ಯತೆ ಇದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಒಡಂಬಡಿಕೆಯನ್ನು ಪ್ರಿಂಟು ಹಾಕಿಸಿ, ಅದರ ಇಂಗ್ಲಿಷ್ ಸಾಲುಗಳಿಗೆ ಹಳದಿ ಗೆರೆ ಎಳೆದು ಶಾಲೆಗೆ ಹೋದೆ. ಹೆಡ್ಮಾಸ್ಟರೂ ಅಧ್ಯಕ್ಷರೂ ಇದ್ದರು. ಕಾಯಿಲೆಯ ಕಾರಣಕ್ಕೆ ಕೆಲಸದಿಂದ ಬಿಡಿಸುವುದು ತಾರತಮ್ಯ, ಹರಡುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ ಅಂತ ಗುಡುಗಿದೆ.

ಹೆಡ್ಮಾಸ್ಟರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. “ನೀನು ಹೇಳೋದು ಸರಿಯಾಗೇ ಇದೆಯಪ್ಪ. ನಾನಂತೂ ಉಣ್ತೀನಿ. ಆದ್ರೆ ಮಕ್ಕಳು ಈ ಸಾರು ಉಣ್ಣಲೇಬೇಕು ಅಂತ ಇದರಲ್ಲಿ ಎಲ್ಲಾದ್ರೂ ಬರೆದಿದ್ಯಾ?”

ಅಧ್ಯಕ್ಷರು ನಕ್ಕರು. ಶಾಲು ಹೊದಿಸಿದಾಗ ನಕ್ಕ ಅದೇ ನಗು. “ನಿಮ್ ಚಿಕ್ಕವ್ವನ್ ಮ್ಯಾಲೆ ನಮ್ಗೇನ್ಲಾ ಕ್ವಾಪ? ನಮ್ಮೈ ನಮ್ಮಕ್ಕು ಅಂತ ನೀನೇ ಮೈಕಲ್ಲಿ ಏಳ್ದೆ. ನಮ್ ಮಕ್ಳ ಮೈ ನಮ್ ಅಕ್ಕು. ಚಪ್ಪಾಳೆ ತಟ್ಟುದ್ವಿ, ಒಪ್ಕೊಂಡ್ವಿ ಅಂತ ತಾನೆ?”

ಆ ದಿನ ಇಡೀ ಊರು ನನಗೆ ಮೋಸ ಮಾಡಿತು ಅನ್ನಿಸಿತು. ಗುಟ್ಟು ಕಾಪಾಡಬೇಕು ಅಂದಾಗ ಎಲ್ಲರಿಗಿಂತ ಜೋರಾಗಿ ಕೈ ತಟ್ಟಿದ ಹೆಂಗಸಿನ ಮಗನ ಕೈಯಲ್ಲೇ ಎಲ್ಲರಿಗಿಂತ ದೊಡ್ಡ ಡಬ್ಬಿ ಇತ್ತು. ಒಬ್ಬೊಬ್ಬರನ್ನೂ ಬೈದುಕೊಂಡು ಬೈಕು ಓಡಿಸುತ್ತಿದ್ದೆ. ಹಿಂದಿನ ಸೀಟು ಖಾಲಿಯಿತ್ತು. ಬೈದು ಮುಗಿಸಿದ ಮೇಲೆ, ಆ ಸೀಟಿನಲ್ಲಿ ಕುಳಿತು ಸೆರಗು ತೆಗೆದು ಮಾತಾಡಿದವಳು ಯಾರ ಹೆಸರು ಹಿಡಿದು ಬೈಯಬೇಕು ಅಂತ ಯೋಚನೆ ಬಂತು. ಅವಳಿಗೆ ಪಟ್ಟಿ ಬೇಕಿರಲಿಲ್ಲ. ಒಂದೇ ಹೆಸರು.

ಅವಳು ಬೈಯಲೂ ಇಲ್ಲ. ಮಾತೇ ಬಿಟ್ಟಳು. ಉಳಿದ ಎರಡು ತಿಂಗಳ ಮಾತ್ರೆಗೆ ಒಬ್ಬಳೇ ಬಸ್ಸಿನಲ್ಲಿ ಹೋದಳು, ಸೆರಗು ಹೊದೆಯದೆ. ನಾನು ಬಸ್‌ಸ್ಟಾಪಿನವರೆಗೆ ಬೈಕು ತಳ್ಳಿಕೊಂಡು ಹಿಂದೆ ಹೋಗುತ್ತಿದ್ದೆ. ಅವಳು ತಿರುಗಿ ನೋಡುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಅವ್ವನ ಜೊತೆ ಮಾತಾಡುತ್ತಿದ್ದವಳು ನಾನು ಒಳಗೆ ಬಂದ ಕೂಡಲೇ ನಿಲ್ಲಿಸಿ ಏಳುತ್ತಿದ್ದಳು. ನನ್ನ ಎದುರಿಗೆ ಆಡಿದ ಮಾತು ಎಲ್ಲಿಗೆ ಹೋಗುತ್ತದೋ ಅನ್ನುವ ಹಾಗೆ. ನಾನು ಬೇಕಂತಲೇ ಹೊಸಿಲು ಎಡವಿ ಬಿದ್ದು ತೋರಿಸಿದೆ. ಅವ್ವ ನಕ್ಕಳು. ಚಿಕ್ಕವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಕೊನೆಗೆ ಏನಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಮತ್ತೆ ಕೆಲಸಕ್ಕೆ ಕರೆಯಬೇಕು ಅಂತ ಅರ್ಜಿ ಕೊಟ್ಟೆವು. ತಾಲೂಕು ಆಫೀಸಿನಿಂದ ಅಧಿಕಾರಿ ಬಂದು, ಪೋಷಕರನ್ನು ಕೂರಿಸಿ, ತಿ. ನರಸೀಪುರದ ಡಾಕ್ಟರಿಗೇ ಫೋನು ಮಾಡಿ ಎಲ್ಲರ ಮುಂದೆ ಕೇಳಿದರು. ಚಿಕ್ಕವ್ವ ಅಡುಗೆಮನೆಗೆ ವಾಪಸು ಹೋದಳು. ಡಬ್ಬಿಗಳು ಒಂದೊಂದಾಗಿ ಕಡಿಮೆಯಾದವು, ಈಗಲೂ ಎರಡು ಮೂರು ಬರುತ್ತವೆ. ಅವು ಯಾರ ಮನೆಯವು ಅಂತ ಅವಳಿಗೆ ಗೊತ್ತು. ಆ ಮಕ್ಕಳ ತಟ್ಟೆಯನ್ನೂ ತೊಳೆದೇ ಇಡುತ್ತಾಳೆ.

ಆ ಅರ್ಜಿ ಹುಟ್ಟಿದ್ದು ಹೀಗೆ. ಮಾತ್ರೆ ಮುಗಿದ ದಿನ ಅವಳೇ ನಮ್ಮ ಮನೆಯ ಜಗಲಿಗೆ ಬಂದು, ಗುಣವಾಗಿದೆ ಅಂತ ಡಾಕ್ಟರು ಬರೆದ ಸರ್ಟಿಫಿಕೇಟನ್ನು ನನ್ನ ಮುಂದಿಟ್ಟಳು. ಎರಡು ತಿಂಗಳ ಮೇಲೆ ಮೊದಲ ಮಾತು.

“ಅರ್ಜಿ ಬರಿ.”

ಹುಷಾರಾಗಿ ಬರೆದೆ. ‘ಸದರಿ ಶಾಲೆಯ ಒಬ್ಬ ಅಡುಗೆ ಸಹಾಯಕಿಯವರು’ ಅಂತ ಶುರು ಮಾಡಿ ಓದಿ ಹೇಳಿದೆ.

“ಒಬ್ಬ ಅಂದ್ರೆ ಯಾರ್ಲಾ? ನನ್ ಹೆಸ್ರು ಬರಿ. ನಮ್ಮಪ್ಪನ್ ಹೆಸ್ರೂ ಬರಿ. ಅವತ್ ಬುಟ್ಟಿದ್ದನ್ನ ಇವತ್ ಬುಡಬ್ಯಾಡ.”

ಬರೆದೆ. ಹೆಬ್ಬೆಟ್ಟು ಒತ್ತಿದಳು. ಪೋಷಕರ ಸಭೆ ಕರೆಯಬೇಕು ಅಂತಲೂ ಅದರಲ್ಲಿ ಬರೆದಿದ್ದೆ. ಆ ಸಭೆಯಲ್ಲಿ ಅದನ್ನು ನಾನೇ ಓದಲಾ, ಬೇರೆ ಯಾರ ಕೈಯಲ್ಲಾದರೂ ಓದಿಸಲಾ ಅಂತ ಕೇಳಿದೆ. ಶಾಯಿಯ ಬೆರಳನ್ನು ಗೋಡೆಗೆ ಒರೆಸಿದಳು.

“ನಂಗ್ ಓದಕ್ ಬರಕಿಲ್ಲ, ನೀನೇ ಓದು. ಆದ್ರೆ ನಿನ್ ದನೀಲಿ ಓದು ಕಣ್ಲಾ. ನಂದು ನಂಗೇ ಬುಡು” ಅಂದಳು.